ದತ್ತಸಂಚಯವಿಲ್ಲದ ಪರೀಕ್ಷೆ: ಒಂದು ವಿಮರ್ಶೆ

ಜಾಲತಾಣಗಳಿಗೆ ಪ್ಲಗಿನ್ ಬರೆಯುವವರಲ್ಲಿ ಒಂದು ಮತವು ಬಲವಾಗಿ ಬೇರೂರಿದೆ. ದತ್ತಸಂಚಯವನ್ನು, ಎಂದರೆ ಬಳಕೆಯ ಮಾತಿನ ಡೇಟಾಬೇಸನ್ನು, ಮುಟ್ಟುವ ಪರೀಕ್ಷೆಯು ಘಟಕಪರೀಕ್ಷೆ ಎನಿಸಿಕೊಳ್ಳಲಾರದೆಂಬುದೇ ಆ ಮತ. 2005ರಲ್ಲಿ ಮೈಕೆಲ್ ಫೆದರ್ಸ್ ಅದನ್ನು ನಿಯಮಗಳ ರೂಪದಲ್ಲಿ ಹೇಳಿ, ಜಾಲಸಂಪರ್ಕವನ್ನೂ ಕಡತಗಳನ್ನೂ ಅದೇ ನಿಷೇಧಕ್ಕೆ ಒಳಪಡಿಸಿದರು. ಮತವು ಸಾಧುವಾದುದೇ. ಆದರೆ ಅದರ ಆಚರಣೆಯಲ್ಲಿ ಒಂದು ದೋಷವು ಹೊಕ್ಕಿದೆ. ಕನ್ನಡ ಬರಹವನ್ನು ಹೊತ್ತ ತಾಣಗಳಲ್ಲಿ ಅದರ ಫಲವು ಇಂಗ್ಲಿಷ್ ತಾಣಗಳಿಗಿಂತ ಬೇಗ ತೋರುತ್ತದೆ.

2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ಸನ್ನೇ ತೆಗೆದುಕೊಳ್ಳೋಣ. ಅದರ ಸ್ವಂತ ಪರೀಕ್ಷಾಸಾಮಗ್ರಿಯು ಹೆಸರಿಗೆ ಘಟಕಪರೀಕ್ಷೆ. ವಾಸ್ತವದಲ್ಲಿ ಮೈಎಸ್‌ಕ್ಯುಎಲ್ ಇಲ್ಲದೆ ಅದು ಹೆಜ್ಜೆಯಿಡದು. ಒಂದೊಂದು ಪರೀಕ್ಷೆಯ ಮೊದಲಿಗೂ ವ್ಯವಹಾರವೊಂದನ್ನು ತೆರೆದು, ಕೊನೆಗೆ ಅದನ್ನು ಹಿಂತೆಗೆದು, ದತ್ತಸಂಚಯವನ್ನು ಮೊದಲಿನಂತೆ ಮಾಡುವುದು ಅದರ ಕ್ರಮ. ಇದು ಪ್ರಾಮಾಣಿಕ, ಆದರೆ ನಿಧಾನ. ಈ ಭಾರವನ್ನು ಕಳೆಯಲೆಂದೇ ಡಬ್ಲ್ಯುಪಿ ಮಾಕ್, ಬ್ರೇನ್ ಮಂಕಿ ಎಂಬ ಸಾಧನಗಳು ಬಂದವು. ಇವು ವರ್ಡ್‌ಪ್ರೆಸ್ಸನ್ನು ಹೊರಗಿಟ್ಟು, ಅದರ ಫಂಕ್ಷನ್ನುಗಳ ವೇಷ ತೊಟ್ಟ ಪ್ರತಿನಿಧಿಗಳನ್ನು ನಿಲ್ಲಿಸುತ್ತವೆ. ಪ್ರತಿನಿಧಿಯು ಏನು ಉತ್ತರ ಕೊಡಬೇಕೆಂಬುದನ್ನು ಪರೀಕ್ಷೆ ಬರೆಯುವವನೇ ಮುಂದಾಗಿ ಹೇಳಿಕೊಡಬೇಕು. ತಾನು ಹೇಳಿಕೊಟ್ಟ ಸಾಕ್ಷಿಯನ್ನೇ ಕೇಳಿ ತೀರ್ಪು ಕೊಡುವ ನ್ಯಾಯಾಧೀಶನ ಸ್ಥಿತಿ ಅವನದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಗ್ರಂಥಾಲಯದ ತಾಣವೊಂದಕ್ಕೆ ನಮ್ಮ ವಿದ್ಯಾರ್ಥಿಯು ಪ್ಲಗಿನ್ ಬರೆಯುತ್ತಾನೆ. ‘ಬಸವೇಶ್ವರನಗರ ಶಾಖಾ ಗ್ರಂಥಾಲಯದ ವೇಳಾಪಟ್ಟಿ’, ‘ಬಸವೇಶ್ವರನಗರ ಶಾಖಾ ಗ್ರಂಥಾಲಯದ ನಿಯಮಗಳು’ ಎಂದು ಎರಡು ಪುಟಗಳಿವೆ. ಶೀರ್ಷಿಕೆಯಿಂದ ಹುಟ್ಟಿದ ವಿಳಾಸವನ್ನು ಹಿಡಿದು ಪ್ಲಗಿನ್ ಅವನ್ನು ಹುಡುಕುತ್ತದೆ. ಶೀರ್ಷಿಕೆಯನ್ನು ವಿಳಾಸವಾಗಿ ಮಾರ್ಪಡಿಸುವ ಫಂಕ್ಷನ್ನಿಗೆ ಪ್ರತಿನಿಧಿಯನ್ನು ನಿಲ್ಲಿಸಿ, ಕೊಟ್ಟುದನ್ನು ಪದಗಳ ನಡುವೆ ಗೆರೆಯಿಟ್ಟು ಹಿಂತಿರುಗಿಸೆಂದರೆ ಪರೀಕ್ಷೆಯು ನಿರಾತಂಕವಾಗಿ ತೇರ್ಗಡೆಯಾಗುತ್ತದೆ. ನಿಜವಾದ ಫಂಕ್ಷನ್ ಹಾಗೆ ಮಾಡುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ವಿಳಾಸದಲ್ಲಿ ಒಂದೊಂದು ಬೈಟು ಶೇಕಡಾ ಚಿಹ್ನೆಯೊಡನೆ 3 ಗುರುತುಗಳಾಗುವುದರಿಂದ ಸಂಕೇತವೊಂದಕ್ಕೆ 9 ಗುರುತು ಬೇಕು. ವಿಳಾಸಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿಯಾದರೋ 200. ‘ಬಸವೇಶ್ವರನಗರ’ವೊಂದೇ 99ನ್ನು ನುಂಗುತ್ತದೆ. ಆದುದರಿಂದ ಎರಡು ಶೀರ್ಷಿಕೆಗಳೂ ‘ಬಸವೇಶ್ವರನಗರ-ಶಾಖಾ-ಗ್ರಂಥಾಲ’ ಎಂಬಲ್ಲಿಗೆ ತುಂಡಾಗಿ ಒಂದೇ ಆಗುತ್ತವೆ! ಎರಡನೆಯ ಪುಟವನ್ನು ಪ್ರಕಟಿಸಿದಾಗ ವರ್ಡ್‌ಪ್ರೆಸ್ ಅದರ ಕೊನೆಗೆ 2 ಎಂಬ ಅಂಕಿಯನ್ನು ಸೇರಿಸುತ್ತದೆ. ಅಂಕಿಗೆ ಎಡೆಮಾಡಲು ‘ಲ’ಕಾರವೂ ಬಿದ್ದುಹೋಗುತ್ತದೆ. ನಿಯಮಗಳನ್ನು ಕೇಳಿದ ಓದುಗನಿಗೆ ವೇಳಾಪಟ್ಟಿ ದೊರೆಯುತ್ತದೆ. ಇಂಗ್ಲಿಷಿನಲ್ಲಿ 200 ಅಕ್ಷರದ ಶೀರ್ಷಿಕೆ ಅಪರೂಪವಾದುದರಿಂದ ಈ ಸಂಕಟ ಅಲ್ಲಿ ಕಾಣಿಸದು.

ಹಾಗಾದರೆ ದತ್ತಸಂಚಯವಿಲ್ಲದೆ ಪರೀಕ್ಷಿಸುವುದೇ ತಪ್ಪೆ? ಹಾಗೆನ್ನಲಾಗದು. ಮೇಲಿನ ಉದಾಹರಣೆಯಲ್ಲಿ ಶೀರ್ಷಿಕೆಯನ್ನು ತುಂಡರಿಸುವ ಕೆಲಸ ನಡೆಯುವುದು ದತ್ತಸಂಚಯದಲ್ಲಿ ಅಲ್ಲ, ಪಿಎಚ್‌ಪಿಯಲ್ಲಿ. ಆ ಫಂಕ್ಷನ್ನಿಗೆ ವೇಷಧಾರಿಯನ್ನು ನಿಲ್ಲಿಸದೆ ಅದನ್ನೇ ಕರೆದಿದ್ದರೆ ಮೈಎಸ್‌ಕ್ಯುಎಲ್ಲಿನ ಗೊಡವೆಯಿಲ್ಲದೆಯೇ ದೋಷ ಬಯಲಾಗುತ್ತಿತ್ತು. ಒಂದೇ ವಿಳಾಸ ಬೇರೊಂದು ಪುಟಕ್ಕೆ ಈಗಾಗಲೇ ಇದೆಯೇ ಎಂಬ ಪ್ರಶ್ನೆ ಮಾತ್ರ ದತ್ತಸಂಚಯಕ್ಕೆ ಸೇರಿದ್ದು. ಅದನ್ನು ಅಲ್ಲಿಯೇ ಕೇಳಬೇಕು. ಯಾವುದನ್ನು ಹೊರಗಿಡಬೇಕೆಂಬ ವಿವೇಚನೆಯಿಲ್ಲದೆ ಇಡೀ ವರ್ಡ್‌ಪ್ರೆಸ್ಸನ್ನು ಹೊರಗಿಡುವುದು ಈ ಆಚರಣೆಯ ದೋಷವೆಂದು ನಮ್ಮ ಅಭಿಪ್ರಾಯ. ಸಾಧನಗಳನ್ನು ದೂಷಿಸಿ ಫಲವಿಲ್ಲ. ಕೊಕ್ಕೆಗಳಿಗೆ ಪ್ಲಗಿನ್ ತನ್ನನ್ನು ಸರಿಯಾಗಿ ತಗುಲಿಸಿಕೊಂಡಿತೆ ಎಂಬಂತಹ ಚಿಕ್ಕ ಪ್ರಶ್ನೆಗಳಿಗೆ ಅವು ಚೆನ್ನಾಗಿಯೇ ಒದಗುತ್ತವೆ.

ಪ್ಲಗಿನ್ನಿನ ಸ್ವಂತ ಆಲೋಚನೆಯು ಯಾವ ಭಾಗದಲ್ಲಿದೆಯೋ ಅದನ್ನು ವರ್ಡ್‌ಪ್ರೆಸ್ಸಿನ ಹೆಸರೆತ್ತದ ಬರಿಯ ಫಂಕ್ಷನ್ನುಗಳಾಗಿ ಬೇರ್ಪಡಿಸಿದರೆ ವೇಷಧಾರಿಗಳ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ. ಸಾರಾಂಶಕ್ಕಾಗಿ ಬರಹವನ್ನು ಕತ್ತರಿಸುವ ಕೆಲಸ ಇದಕ್ಕೆ ನಿದರ್ಶನ. ‘ಕೆಂಗೇರಿ’ ಎಂಬುದು ಓದುವವನಿಗೆ 3 ಅಕ್ಷರ, ಯುನಿಕೋಡಿನ ಲೆಕ್ಕದಲ್ಲಿ 7 ಸಂಕೇತ, ಬೈಟುಗಳಲ್ಲಿ 21. ಪಿಎಚ್‌ಪಿಯ ಸಾಮಾನ್ಯ ಉದ್ದಮಾಪಕವು 21 ಎನ್ನುತ್ತದೆ, ಬಹುಬೈಟಿನ ಮಾಪಕವು 7 ಎನ್ನುತ್ತದೆ. 3 ಎನ್ನುವುದು ಎರಡಕ್ಕೂ ತಿಳಿಯದು. ‘ಬಸವೇಶ್ವರನಗರ’ವನ್ನು 6 ಸಂಕೇತಕ್ಕೆ ಕತ್ತರಿಸಿದರೆ ‘ಬಸವೇಶ್’ ಎಂದಾಗುತ್ತದೆ. 5ಕ್ಕೆ ಕತ್ತರಿಸಿದರೆ ‘ಬಸವೇಶ’ ಎಂಬ ಬೇರೆಯೇ ಹೆಸರು ಮೂಡುತ್ತದೆ. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಅದು ತಪ್ಪಿನಂತೆ ಕಾಣುವುದಿಲ್ಲ. ಇಂತಹ ಹೆಸರುಗಳನ್ನು ಹತ್ತಾರು ಬಗೆಯಲ್ಲಿ ಕತ್ತರಿಸಿ ನೋಡುವ ಪರೀಕ್ಷೆಗಳಿಗೆ ದತ್ತಸಂಚಯವೂ ಬೇಡ, ಪ್ರತಿನಿಧಿಯೂ ಬೇಡ. ಕಾಲೇಜಿನ ಹಳೆಯ ಗಣಕಯಂತ್ರದಲ್ಲಿಯೂ ಅವು ಕ್ಷಣಮಾತ್ರದಲ್ಲಿ ಮುಗಿಯುತ್ತವೆ.

ಉಳಿದ ಕೆಲವಕ್ಕೆ ಮೈಎಸ್‌ಕ್ಯುಎಲ್ ಬೇಕೇ ಬೇಕು. ಅಕಾರಾದಿ ಕ್ರಮದಲ್ಲಿ ರಾಜಾಜಿನಗರವು ವಿಜಯನಗರಕ್ಕಿಂತ ಮೊದಲು ಬರುವಂತೆ ಜೋಡಿಸುವುದು ದತ್ತಸಂಚಯದ ವಿಂಗಡಣೆಯ ನಿಯಮವೇ ಹೊರತು ಪರೀಕ್ಷಕನು ಕಟ್ಟಿಕೊಂಡ ಪಟ್ಟಿಯಲ್ಲ. ಇವುಗಳಿಗೆ ಬೇರೆಯೇ ಒಂದು ದತ್ತಸಂಚಯವನ್ನು ನಿರ್ಮಿಸಿಕೊಳ್ಳುವಾಗ ವಿದ್ಯಾರ್ಥಿಗಳು ವರ್ಡ್‌ಪ್ರೆಸ್ಸಿನ ಮಾದರಿ ಸಂಯೋಜನಾಕಡತದ ಎಚ್ಚರಿಕೆಯನ್ನು ಓದಬೇಕು: ಅಲ್ಲಿ ಹೆಸರಿಸಿದ ಸಂಚಯದಲ್ಲಿ, ಹೆಸರಿಸಿದ ಪೂರ್ವಪದವುಳ್ಳ ಎಲ್ಲ ಕೋಷ್ಟಕಗಳನ್ನೂ ಪರೀಕ್ಷಾಸಾಮಗ್ರಿಯು ಅಳಿಸಿಹಾಕುತ್ತದೆ. ನಡೆಯುತ್ತಿರುವ ತಾಣದ ಹೆಸರನ್ನೇ ಅಲ್ಲಿ ಬರೆದರೆ ಅದು ಪ್ರಶ್ನಿಸದು.