ಮದ್ದಿಗೊಂದು ಕಬ್ಬಿಣದ ಮನೆ

ಚಿತ್ರದುರ್ಗದ ಕೋಟೆಗೆ ಬಂದವರು ಓಬವ್ವನ ಕಿಂಡಿಯ ಮುಂದೆ ತುಂಬ ಹೊತ್ತು ನಿಲ್ಲುತ್ತಾರೆ. ಮದ್ದು ಬೀಸುವ ಕಲ್ಲುಗಳ ಬಳಿಯೂ ಅಷ್ಟೇ ಹೊತ್ತು ನಿಲ್ಲಬೇಕು. ಗುಂಡಿಯೊಳಗೆ ನಾಲ್ಕು ಭಾರಿ ಕಲ್ಲುಗಳು. ಪೆಟ್ಲುಪ್ಪು, ಇದ್ದಿಲು, ಗಂಧಕ ಮೂರೂ ನುಣ್ಣಗೆ ಬೆರೆತರಷ್ಟೇ ಮದ್ದು ಒಂದೇ ಹದದಲ್ಲಿ ಉರಿಯುತ್ತದೆ.

ಅಂಥ ಮದ್ದಿಗೆ ತಕ್ಕ ಮನೆ ಕಟ್ಟಿದವರು ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರಿನ ಕಮ್ಮಾರರು.

ಮದ್ದು ತುಂಬಿದ ಕಾಗದದ ಕೊಳವೆಯ ಬಾಣ, ಅಂದರೆ ರಾಕೆಟ್, ಒತ್ತಡ ಏರಿದರೆ ಸಿಡಿದುಹೋಗುತ್ತದೆ. ಇವರು ಮೆದು ಕಬ್ಬಿಣದ ತಗಡನ್ನು ಬಡಿದು, ಸುತ್ತಿ, ಕೊಳವೆ ಮಾಡಿದರು. ಒಂದು ತುದಿಯನ್ನು ಭದ್ರವಾಗಿ ಮುಚ್ಚಿ, ಇನ್ನೊಂದರಲ್ಲಿ ಕಿರಿದಾದ ಬಾಯಿ ಬಿಟ್ಟರು. ಗೋಡೆ ತಡೆದಷ್ಟೂ ಬಿಸಿ ಅನಿಲ ಆ ಬಾಯಿಂದ ರಭಸವಾಗಿ ನುಗ್ಗುತ್ತದೆ, ಬಾಣ ದೂರ ಹಾರುತ್ತದೆ. ಕೊಳವೆಯನ್ನು ತೊಗಲಿನ ಪಟ್ಟಿಯಿಂದ ಉದ್ದನೆಯ ಬಿದಿರಿಗೆ ಬಿಗಿದರು. ಹಾರಾಟದಲ್ಲಿ ದಿಕ್ಕು ಕಾಯುವುದು ಆ ಬಿದಿರಿನ ಕೆಲಸ. ತಗಡಿನ ದಪ್ಪ, ಬಾಯಿಯ ಅಗಲ, ಮದ್ದು ಗಿಡಿಯುವ ಬಿಗಿ, ಎಲ್ಲವನ್ನೂ ಕೈಯೇ ಅಳೆಯಬೇಕಿತ್ತು. ಎಂಥ ಕೈಗಳವು!

2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಬತ್ತಿದ ಬಾವಿಯೊಂದರಿಂದ ಇಂಥ 1,000ಕ್ಕೂ ಹೆಚ್ಚು ಕೊಳವೆಗಳು ಹೊರಬಂದವು. ಉದ್ದ ಸುಮಾರು 23ರಿಂದ 26 ಸೆಂಟಿಮೀಟರ್. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಇನ್ನೂ ಉಳಿದಿತ್ತು.

1780ರ ಪೊಲ್ಲಿಲೂರು ಯುದ್ಧದಲ್ಲಿ ಈ ಬಾಣಗಳ ಏಟು ಕಂಡ ಬ್ರಿಟಿಷರು, ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವನ್ನು ಇಂಗ್ಲೆಂಡಿಗೆ ಸಾಗಿಸಿದರು. ಮುಂದಿನ ದಶಕದಲ್ಲೇ ಅಲ್ಲಿನ ಸಂಶೋಧಕ ವಿಲಿಯಂ ಕಾಂಗ್ರೀವ್ ವೂಲಿಚ್‌ನ ಶಸ್ತ್ರಾಗಾರದಲ್ಲಿ ತನ್ನ ರಾಕೆಟ್‌ಗಳಿಗೂ ಕಬ್ಬಿಣದ ಕವಚವನ್ನೇ ತೊಡಿಸಿದ.