ಹಬ್ಬದ ದುಡ್ಡು ಬೇಳೆ ಡಬ್ಬಿಯಲ್ಲಿ ಸೋರುವುದಿಲ್ಲ

ಶ್ರಾವಣ ಹತ್ತಿರವಾದರೆ ಸಾಕು, ಮಹಿಳಾ ಪುರವಣಿಗಳಿಂದ ಹಿಡಿದು ಯೂಟ್ಯೂಬ್‌ವರೆಗೆ ಒಂದೇ ಉಪದೇಶ: ಪಟ್ಟಿ ಬರೆದುಕೊಳ್ಳಿ, ಹದಿನೈದು ದಿನ ಮೊದಲೇ ಮಾರ್ಟ್‌ಗೆ ಹೋಗಿ, ದೊಡ್ಡ ಪ್ಯಾಕೆಟ್ ತನ್ನಿ, ಆಫರ್ ಬಿಡಬೇಡಿ. ದಿನಸಿ ಕೊಳ್ಳುವ ಜಾಣತನ ಮನೆಯಾಕೆಗೆ ಇಲ್ಲದ್ದರಿಂದಲೇ ಹಬ್ಬದ ಖರ್ಚು ಕೈಮೀರುತ್ತದೆ ಎನ್ನುವುದು ಅದರ ಒಳಮಾತು. ಇದನ್ನು ಹೇಳುವವರು ಹಬ್ಬದ ಲೆಕ್ಕವನ್ನು ಒಮ್ಮೆಯಾದರೂ ಕೂಡಿ ನೋಡಿದ್ದಾರೆಯೇ ಎಂದು ನನಗೆ ಅನುಮಾನ.

ವರಮಹಾಲಕ್ಷ್ಮಿ ಹಬ್ಬವನ್ನೇ ತೆಗೆದುಕೊಳ್ಳಿ. ಐದಾರು ಜನರ ಮನೆಯ ಒಬ್ಬಟ್ಟಿಗೆ ಅರ್ಧ ಕೆಜಿ ಕಡಲೆಬೇಳೆ, ಅಷ್ಟೇ ಬೆಲ್ಲ, ಒಂದಿಷ್ಟು ಮೈದಾ, ಚಿರೋಟಿ ರವೆ, ಕಣಕ ನೆನೆಯಲು ಎಣ್ಣೆ, ನಾಲ್ಕು ಏಲಕ್ಕಿ. ಬೇಳೆ ಬಸಿದ ಕಟ್ಟೇ ಸಾರಾಗುತ್ತದೆ. ಮಾರ್ಟ್‌ನವರು ಇಷ್ಟರಲ್ಲಿ ನೂರಕ್ಕೆ ಹತ್ತು ಬಿಟ್ಟರೂ ಉಳಿಯುವುದು ಹತ್ತಿಪ್ಪತ್ತು ರೂಪಾಯಿ. ಈಗ ಕಲಶದ ಕಡೆ ನೋಡಿ. ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಕನಕಾಂಬರ ಕೆಜಿಗೆ ಸಾವಿರ ದಾಟಿತೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಏಲಕ್ಕಿ ಬಾಳೆ ನೂರರ ಗಡಿ ಮೀರುತ್ತದೆ. 2025ರಲ್ಲಂತೂ ತೆಂಗಿನಕಾಯಿಯೇ ಒಂದಕ್ಕೆ ಐವತ್ತು, ಅರವತ್ತು ರೂಪಾಯಿ ಮುಟ್ಟಿತ್ತು. ಬೇಳೆಯಲ್ಲಿ ಗಳಿಸಿದ ಹತ್ತು ರೂಪಾಯಿ ಒಂದು ಮೊಳ ಹೂವಿಗೂ ಸಾಲದು.

ಕಾರಣ ಗುಟ್ಟೇನಲ್ಲ. ಬೇಳೆಯನ್ನು ಗೋದಾಮಿನಲ್ಲಿ ಇಡಬಹುದು, ಹೂವನ್ನು ಇಡಲಾಗದು. ಕಲಬುರಗಿಯ ತೊಗರಿ ಕಟಾವಾಗುವುದು ಡಿಸೆಂಬರ್, ಜನವರಿಯಲ್ಲಿ. ಅದರ ಬೆಲೆಯನ್ನು ಆಳುವುದು ಮಳೆ ಮತ್ತು ಆಮದು, ನಮ್ಮ ಪಂಚಾಂಗವಲ್ಲ. ಹೂವಿಗೆ ಮಾತ್ರ ಅದೊಂದೇ ಶುಕ್ರವಾರ, ಇಡೀ ಹಳೇ ಮೈಸೂರು ಸೀಮೆ ಒಟ್ಟಿಗೆ ಕೈಚಾಚುತ್ತದೆ. ಹದಿನೈದು ದಿನ ಮೊದಲೇ ಕೊಳ್ಳಿ ಎನ್ನುವ ಬುದ್ಧಿವಾದ ಇಲ್ಲಿ ಕೆಲಸಕ್ಕೆ ಬಾರದು. ಇಟ್ಟರೂ ಕೆಡದ ಪದಾರ್ಥಗಳಲ್ಲೂ ಅದು ಕೈಕೊಡುತ್ತದೆ. 2025ರ ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ರಂದು, ತುಪ್ಪದ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ನಂದಿನಿ ತುಪ್ಪ ಲೀಟರಿಗೆ 650ರಿಂದ 610 ರೂಪಾಯಿಗೆ ಬಂತು. ಮುಂಚೆಯೇ ತಂದಿಟ್ಟುಕೊಂಡ ಜಾಣರು ಲೀಟರಿಗೆ ನಲವತ್ತು ರೂಪಾಯಿ ಹೆಚ್ಚು ತೆತ್ತರು. ದೀಪಾವಳಿ ಕಳೆದ ಮೇಲೆ, ನವೆಂಬರ್‌ನಲ್ಲಿ, ಅದೇ ತುಪ್ಪ 700 ಆಯಿತು. ಹಬ್ಬಕ್ಕೆ ಎಲ್ಲವೂ ಏರುತ್ತದೆ, ಆಮೇಲೆ ಇಳಿಯುತ್ತದೆ ಎಂಬ ನಂಬಿಕೆಗೆ ಆ ವರ್ಷ ಎರಡು ಕಡೆಯಿಂದಲೂ ಏಟು ಬಿತ್ತು.

ದೊಡ್ಡ ಪ್ಯಾಕೆಟ್ ಅಗ್ಗ ಎನ್ನುವುದನ್ನೂ ಕಣ್ಣುಮುಚ್ಚಿ ಒಪ್ಪಲಾರೆ. ಎಣ್ಣೆ, ಬೇಳೆ, ಬಿಸ್ಕತ್ತಿನಂಥ ವಸ್ತುಗಳನ್ನು ಇಂತಿಷ್ಟೇ ತೂಕದ ಪೊಟ್ಟಣಗಳಲ್ಲಿ ಮಾರಬೇಕೆಂಬ ನಿಯಮ ಮೊದಲು ಇತ್ತು. 2021ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ; ಈಗ ನೋಡಲು ಅಷ್ಟೇ ಎತ್ತರದ ಪೊಟ್ಟಣದಲ್ಲಿ 850 ಗ್ರಾಂ, 800 ಗ್ರಾಂ ಇರುವುದೂ ಉಂಟು. ಇದಕ್ಕೆ ಮದ್ದಾಗಿ ಒಂದು ಗ್ರಾಂ ಅಥವಾ ಒಂದು ಕೆಜಿಗೆ ಎಷ್ಟು ಬೆಲೆ ಎಂದು ಅಚ್ಚು ಹಾಕುವುದು ಕಡ್ಡಾಯವಾಯಿತು. ಸಂತೋಷ. ಆದರೆ ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕೆಜಿ ಲೆಕ್ಕ! ಚಿಕ್ಕದರ ಮೇಲೆ ಗ್ರಾಂಗೆ 0.19 ಎಂದೂ ದೊಡ್ಡದರ ಮೇಲೆ ಕೆಜಿಗೆ 186 ಎಂದೂ ಇದ್ದರೆ, ಮಗು ಎತ್ತಿಕೊಂಡು ಬಂಡಿ ತಳ್ಳುತ್ತಿರುವಾಕೆ ಅಲ್ಲೇ ನಿಂತು ಸಾವಿರದಿಂದ ಗುಣಿಸಬೇಕು. ಗುಣಿಸಿದರೆ ಸಿಗುವ ಲಾಭ ಕೆಜಿಗೆ ನಾಲ್ಕು ರೂಪಾಯಿ, ಅದಕ್ಕಾಗಿ ಮನೆಗೆ ಬೇಡದ ಐದು ಕೆಜಿ.

ಈ ಉಪದೇಶಗಳೆಲ್ಲ ಪ್ರತಿ ಮನೆಯನ್ನೂ ಒಂಟಿ ಗಿರಾಕಿ ಎಂದೇ ಎಣಿಸುತ್ತವೆ. ಒಂದೇ ದಿನ ಎಲ್ಲರೂ ಮುಗಿಬೀಳುವುದರಿಂದ ಏರುವ ಬೆಲೆಯನ್ನು ಒಬ್ಬಳು ಪಟ್ಟಿ ಬರೆದು ಇಳಿಸಲಾರಳು. ಒಟ್ಟಾಗಿ ಕೊಳ್ಳುವವರು ಕೊಂಚ ತಪ್ಪಿಸಿಕೊಳ್ಳಬಲ್ಲರು. ಮಂಡ್ಯ, ರಾಮನಗರದ ಹಳ್ಳಿಗಳಿಗೆ ಇದು ಹೊಸದಲ್ಲ. ಯುಗಾದಿಯ ಮರುದಿನ ಹೊಸತೊಡಕು. ಅಂದು ಮಾಂಸದಂಗಡಿಯ ಮುಂದೆ ಬೆಳಗಿನ ಜಾವದಿಂದಲೇ ಸಾಲು, ದರವೂ ಆ ದಿನದ್ದೇ. ಗುಡ್ಡೆ ಬಾಡಿನವರಿಗೆ ಆ ಸಾಲಿಲ್ಲ. ಹತ್ತಾರು ಮನೆಯವರು ಸೇರಿ ಮೊದಲೇ ಕುರಿ ಕೊಂಡು, ನಸುಕಿನಲ್ಲಿ ಕೊಯ್ದು, ಮಾಂಸವನ್ನು ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಮೂಳೆ, ಈಲಿ, ಮೆತ್ತನೆಯ ತುಂಡು ಸಮನಾಗಿ ಬೀಳಬೇಕು. ಅದರ ಮೇಲೆ ನಡೆಯುವ ಜಗಳವೂ ಹಬ್ಬದ ಭಾಗವೇ. ದುಡ್ಡು ಒಮ್ಮೆಗೆ ಹೊರೆಯಾಗದಿರಲೆಂದು ವರ್ಷವಿಡೀ ಚೀಟಿ ಕಟ್ಟುವವರೂ ಇದ್ದಾರೆ. ಬಡ್ಡಿ ಬಾರದ ಮೂಢತನವಿದು ಎಂದು ಬ್ಯಾಂಕ್ ಬಲ್ಲವರು ನಗುತ್ತಾರೆ. ತಿಂಗಳಿಗೆ ಇನ್ನೂರು ರೂಪಾಯಿ ಉಳಿತಾಯ ಖಾತೆಯಲ್ಲಿಟ್ಟರೆ ವರ್ಷಕ್ಕೆ ಬರುವ ಬಡ್ಡಿ ಒಂದು ಹೊತ್ತಿನ ಟಿಫನ್ನಿಗಾದೀತು, ಅಷ್ಟೇ.

ಮಾಂಸ ತಿನ್ನದ ಮನೆಗಳಿಗೂ ಅಪಾರ್ಟ್‌ಮೆಂಟ್‌ಗಳಿಗೂ ಈ ದಾರಿ ಮುಚ್ಚಿಲ್ಲ. ನಾಲ್ಕು ಮನೆಗೆ ಒಂದು ಬಾಳೆಗೊನೆ, ಹತ್ತು ಮನೆಗೆ ಒಂದು ಮೂಟೆ ಕಾಯಿ ತರಿಸಬಹುದು. ಹೂವನ್ನು ಬಿಡಿಯಾಗಿ ಕೆಜಿ ಲೆಕ್ಕದಲ್ಲಿ ತಂದು ಹಂಚಿಕೊಂಡರೂ ಅಗ್ಗವೇ. ಆದರೆ ಬೀದಿಯಲ್ಲಿ ಹೂ ಕಟ್ಟಿ ಮಾರುವಾಕೆಯ ಕೂಲಿಯನ್ನು ಉಳಿಸಿ ಲಕ್ಷ್ಮಿಯನ್ನು ಕೂರಿಸುವುದು ನನಗೇಕೋ ಒಗ್ಗುವುದಿಲ್ಲ. ಅದರ ಬದಲು ಎರಡು ಮೊಳ ಕಡಿಮೆ ಮುಡಿಸಿದರಾಯಿತು.

ಚೀಟಿಗೆ ಒಂದು ದೊಡ್ಡ ಕುಂದಿದೆ: ಹಣ ಒಬ್ಬನ ಕೈಯಲ್ಲಿರುತ್ತದೆ, ಆ ಕೈ ಹಬ್ಬದ ಹೊತ್ತಿಗೆ ಊರು ಬಿಡಬಹುದು. ಹಾಗಾಗಿ ಹಣ ಹಿಡಿದವನ ಮನೆ ಬಾಗಿಲು ನಮ್ಮ ಬಾಗಿಲಿನಿಂದ ಕಾಣುವಷ್ಟು ಚಿಕ್ಕ ಚೀಟಿಯಾದರೆ ಮಾತ್ರ ಒಪ್ಪುತ್ತೇನೆ. ಕರಪತ್ರ ಹಂಚಿ, ಬಡಾವಣೆಗೊಬ್ಬ ಏಜೆಂಟನನ್ನಿಟ್ಟು, ದೀಪಾವಳಿಗೆ ದಿನಸಿಯ ಜೊತೆ ಬೆಳ್ಳಿ ಲೋಟ ಕೊಡುತ್ತೇವೆ ಎನ್ನುವವರಿಗೆ ನಾನು ಒಂದು ರೂಪಾಯಿಯನ್ನೂ ಕೊಡೆ.