ತಾರೀಖು ಒಂದೇ, ವಾರ ಬೇರೆ

ಏಪ್ರಿಲ್ 23 ಬಂತೆಂದರೆ ‘ಚರಿತ್ರೆಯಲ್ಲಿ ಈ ದಿನ’ ಪಟ್ಟಿಗಳಲ್ಲಿ ಒಂದು ಸಾಲು ತಪ್ಪದೆ ಹಾಜರು: 1616ರ ಈ ದಿನ ಶೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ ತೀರಿಕೊಂಡರು. ಯುನೆಸ್ಕೋ 1995ರಲ್ಲಿ ವಿಶ್ವ ಪುಸ್ತಕ ದಿನಕ್ಕೆ ಆರಿಸಿದ್ದೂ ಇದೇ ತಾರೀಖನ್ನು. ಆಚರಣೆಗೆ ಯಾರ ತಕರಾರೂ ಬೇಡ. ಆದರೆ ಇಬ್ಬರೂ ಒಂದೇ ದಿನ ಸತ್ತರೆಂಬುದು ಸುಳ್ಳು.

ಪೋಪ್ 13ನೇ ಗ್ರೆಗರಿ ಕ್ಯಾಲೆಂಡರ್ ತಿದ್ದಿಸಿದಾಗ ಸ್ಪೇನ್ ಕೂಡಲೇ ಒಪ್ಪಿತು. 1582ರ ಅಕ್ಟೋಬರ್ 4, ಗುರುವಾರ. ಮರುದಿನ ಅಲ್ಲಿ ಅಕ್ಟೋಬರ್ 15, ಶುಕ್ರವಾರ. ಇಂಗ್ಲೆಂಡ್ ಮಾತ್ರ 1752ರವರೆಗೂ ಹಳೆಯ ಜೂಲಿಯನ್ ಲೆಕ್ಕಕ್ಕೇ ಅಂಟಿಕೊಂಡಿತು. ಹೀಗಾಗಿ 1616ರಲ್ಲಿ ಎರಡು ದೇಶಗಳ ನಡುವೆ ಹತ್ತು ದಿನಗಳ ಅಂತರವಿತ್ತು. ಮ್ಯಾಡ್ರಿಡ್‌ನ ಏಪ್ರಿಲ್ 23 ಶನಿವಾರ. ಸ್ಟ್ರಾಟ್‌ಫರ್ಡ್‌ನ ಏಪ್ರಿಲ್ 23 ಮಂಗಳವಾರ, ಆ ಹೊತ್ತಿಗೆ ಮ್ಯಾಡ್ರಿಡ್‌ನಲ್ಲಿ ಮೇ 3. ಅದೂ ಅಲ್ಲದೆ ಸರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಮಣ್ಣಾದ ದಿನ ಎಂಬುದೇ ಈಗಿನ ವಿದ್ವಾಂಸರ ಬಹುಮತ.

ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬ ಮಾತಿನ ಗತಿಯೂ ಇಷ್ಟೇ. ಇಂಗ್ಲೆಂಡಿನಲ್ಲಿ 1642ರ ಕ್ರಿಸ್‌ಮಸ್ ದಿನ, ಗೆಲಿಲಿಯೊನ ಇಟಲಿಯಲ್ಲಿ 1643ರ ಜನವರಿ 4.

ಇಲ್ಲೆಲ್ಲ ನಂಬಬಹುದಾದ ಸಾಕ್ಷಿಯೆಂದರೆ ವಾರ. ಹತ್ತು ತಾರೀಖು ನುಂಗಿದ ಗ್ರೆಗರಿಯೂ ವಾರದ ಸರಣಿಯನ್ನು ಮುಟ್ಟಲಿಲ್ಲ. ಈ ವಿಷಯದಲ್ಲಿ ಕನ್ನಡದ ಶಾಸನ ಬರೆದವರು ಇಂದಿನ ಪಟ್ಟಿಕಾರರಿಗಿಂತ ಎಷ್ಟೋ ಮೇಲು. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ ಹೇಳಿ, ಹಲವು ಕಡೆ ವಾರವನ್ನೂ ಕೆತ್ತಿಸಿದರು. ಗ್ರಹಣಕಾಲದ ದಾನವಾದರೆ ಗ್ರಹಣವನ್ನೂ. ಅದರಲ್ಲಿ ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಶಂಕರ ಬಾಲಕೃಷ್ಣ ದೀಕ್ಷಿತ್ ಮತ್ತು ರಾಬರ್ಟ್ ಸೆವೆಲ್ 1896ರಲ್ಲಿ ‘ದಿ ಇಂಡಿಯನ್ ಕ್ಯಾಲೆಂಡರ್’ ಹೊರತಂದ ಮೇಲೆ ಈ ತಾಳೆ ನೋಡುವ ಕೆಲಸ ಸುಲಭವಾಯಿತು. ತಿಥಿಗೂ ವಾರಕ್ಕೂ ಹೊಂದಿಕೆಯಾಗದ ತಾಮ್ರಪಟವನ್ನು ಕಂಡಾಗ ಇದು ಕೂಟಶಾಸನವಿರಬಹುದೇ ಎಂದು ವಿದ್ವಾಂಸರು ಕೇಳುವುದು ಈ ಬಲದಿಂದಲೇ.

ದಿನವಿಶೇಷ ಬರೆಯುವವರಲ್ಲಿ ಕೋರಿಕೆ ಒಂದೇ: ಹಳೆಯ ತಾರೀಖಿನ ಪಕ್ಕದಲ್ಲಿ ವಾರವನ್ನೂ ಕ್ಯಾಲೆಂಡರಿನ ಹೆಸರನ್ನೂ ಕೊಡಿ. ರಕ್ಕಸತಂಗಡಿ ಕಾಳಗದಿಂದಲೇ ಶುರುಮಾಡಬಹುದು: 1565ರ ಜನವರಿ 23, ಮಂಗಳವಾರ, ಜೂಲಿಯನ್. ಈಗಿನ ಲೆಕ್ಕಕ್ಕೆ ತಂದರೆ ಅದು ಫೆಬ್ರವರಿ 2.